‘ದಿ ಬಿಗ್ ಹೀಟ್’ ಆಲ್ಬಮ್ ಕೇಳುವ ಬಗೆ: ಕಥೆ ಹೇಳುವ ಹಾಡುಗಳಿಗೊಂದು ಮಾರ್ಗದರ್ಶಿ

ಪಂಕ್ ರಾಕ್‌ನ ಬೆನ್ನಿಗೆ ಬಂದ ನ್ಯೂ ವೇವ್ ಎಂಬ ಸಂಗೀತ ಪ್ರಕಾರದ ಹೆಸರು ಎತ್ತಿದೊಡನೆ ಬಹುತೇಕ ಕೇಳುಗರಿಗೆ ನೆನಪಾಗುವುದು ಸಿಂಥಸೈಸರಿನ ಹೊಳಪು, ಯಂತ್ರದಷ್ಟು ನಿಖರವಾದ ತಾಳ ಮತ್ತು ಒಮ್ಮೆ ಕೇಳಿದರೆ ಬಾಯಲ್ಲಿ ಉಳಿದುಬಿಡುವ ಪುಟ್ಟ ಪಲ್ಲವಿ. ಇದೇ ಸಲಕರಣೆಗಳನ್ನು ಇಟ್ಟುಕೊಂಡು, ಪಲ್ಲವಿಗಿಂತ ಪಾತ್ರಕ್ಕೂ ಭಾವಕ್ಕಿಂತ ಪ್ರಸಂಗಕ್ಕೂ ಹೆಚ್ಚು ಬೆಲೆ ಕೊಟ್ಟ ಗಾಯಕರೊಬ್ಬರು ಲಾಸ್ ಏಂಜಲಿಸ್‌ನಲ್ಲಿದ್ದರು. ವಾಲ್ ಆಫ್ ವೂಡೂ ತಂಡದ ಗಾಯಕರಾಗಿದ್ದ ಸ್ಟ್ಯಾನ್ ರಿಡ್ಜ್‌ವೇ 1986ರಲ್ಲಿ ಐ.ಆರ್.ಎಸ್. ರೆಕಾರ್ಡ್ಸ್ ಮೂಲಕ ಹೊರತಂದ ‘ದಿ ಬಿಗ್ ಹೀಟ್’ ಅವರ ಮೊದಲ ಏಕವ್ಯಕ್ತಿ ಆಲ್ಬಮ್. ಅದರ ಹಾಡುಗಳಲ್ಲಿ ಟ್ಯಾಕ್ಸಿ ಓಡಿಸುವವನು, ಊರೂರು ಅಲೆದು ಸರಕು ಮಾರುವವನು, ಪ್ರೇಮ ಮುರಿದು ರಾತ್ರಿ ಒಬ್ಬನೇ ಮನೆಗೆ ನಡೆಯುವವನು, ಕಾಡಿನ ಯುದ್ಧದಲ್ಲಿ ದಾರಿ ತಪ್ಪಿದ ಸಿಪಾಯಿ ಹೀಗೆ ಒಬ್ಬೊಬ್ಬರೇ ಬಂದು ತಮ್ಮ ಕಥೆ ಹೇಳಿ ಹೋಗುತ್ತಾರೆ.

ಇಂಥ ಆಲ್ಬಮನ್ನು ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡುತ್ತ ಕೇಳಿದರೆ ವಿಚಿತ್ರ ಕಂಠದ ಒಬ್ಬ ಮನುಷ್ಯ ಒಂದೇ ಸಮನೆ ಮಾತಾಡುತ್ತಿರುವಂತೆ ತೋರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಇದನ್ನು ಹಂತ ಹಂತವಾಗಿ ಕೇಳುವ ಒಂದು ಕ್ರಮವನ್ನು ಇಲ್ಲಿ ಸೂಚಿಸಲಾಗಿದೆ. ಎಲ್ಲ ಹಂತಗಳ ಹಿಂದೆಯೂ ಇರುವ ನಿಲುವು ಒಂದೇ: ಈ ಹಾಡುಗಳ ಮುಂದೆ ಕುಳಿತಾಗ ‘ಇದರ ಅರ್ಥವೇನು’ ಎಂಬ ಪ್ರಶ್ನೆಗಿಂತ ‘ಇದನ್ನು ಯಾರು ಹೇಳುತ್ತಿದ್ದಾರೆ, ಹೇಳುವವರ ಕಣ್ಣಿಗೆ ಬೀಳದೆ ಉಳಿದದ್ದು ಯಾವುದು’ ಎಂಬ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ.

ಮೊದಲ ಹಂತ: ಸರಿಯಾದ ಆವೃತ್ತಿಯನ್ನು ಆರಿಸಿಕೊಳ್ಳಿ

ಮೂಲ ಎಲ್‌ಪಿಯಲ್ಲಿ ಇದ್ದದ್ದು ಒಂಬತ್ತು ಹಾಡುಗಳು. ಶೀರ್ಷಿಕೆ ಗೀತೆಯಿಂದ ಆರಂಭವಾಗಿ ‘ಕ್ಯಾಮೊಫ್ಲಾಜ್’ ಎಂಬ ಹಾಡಿನೊಂದಿಗೆ ಆಲ್ಬಮ್ ಮುಗಿಯುತ್ತದೆ. ಮುಂದೆ ಬಂದ ಸಿ.ಡಿ. ಮರುಬಿಡುಗಡೆಯಲ್ಲಿ ಹೆಚ್ಚುವರಿ ಹಾಡುಗಳನ್ನು ಕೊನೆಗೆ ಸೇರಿಸಲಾಗಿದೆ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ನಿಮಗೆ ಸಿಕ್ಕಿದ್ದು ಅಂಥ ಉದ್ದನೆಯ ಪಟ್ಟಿಯಾಗಿದ್ದರೆ, ಮೊದಲ ಒಂಬತ್ತನ್ನು ಮಾತ್ರ ಬೇರೆ ಪ್ಲೇಲಿಸ್ಟ್ ಮಾಡಿಟ್ಟುಕೊಳ್ಳಿ ಮತ್ತು ಶಫಲ್ ಆಯ್ಕೆಯನ್ನು ಮರೆಯದೆ ನಿಲ್ಲಿಸಿ. ಹೆಚ್ಚುವರಿ ಹಾಡುಗಳು ಕಳಪೆ ಎಂದು ಈ ಮಾತಿನ ಅರ್ಥವಲ್ಲ. ‘ಕ್ಯಾಮೊಫ್ಲಾಜ್’ ಮುಗಿದ ಮೇಲೆ ಒಂದಿಷ್ಟು ಮೌನ ಬೇಕಾಗುತ್ತದೆ, ಅದಕ್ಕೆ ಅಂಟಿಕೊಂಡು ಇನ್ನೊಂದು ಹಾಡು ಶುರುವಾದರೆ ಆ ಕಥೆಯ ಕೊನೆಯ ಹೊಡೆತ ಪೆಟ್ಟು ಕೊಡದೆ ಜಾರಿಹೋಗುತ್ತದೆ.

ಎರಡನೆಯ ಹಂತ: ಆಲ್ಬಮಿಗೆ ಮುಂಚೆ ಒಂದು ಹಾಡು, ಒಂದಿಷ್ಟು ಹಿನ್ನೆಲೆ

ಹಿನ್ನೆಲೆಯನ್ನು ಅತಿಯಾಗಿ ಓದಿಕೊಂಡು ಹೋಗುವ ಅಗತ್ಯವಿಲ್ಲ. ಆದರೆ ವಾಲ್ ಆಫ್ ವೂಡೂ ತಂಡದ ಒಂದು ಹಾಡನ್ನಾದರೂ ಕೇಳಿಕೊಂಡು ಬಂದರೆ ರಿಡ್ಜ್‌ವೇ ಅವರ ಕಂಠಕ್ಕೆ ಕಿವಿ ಹೊಂದಿಕೊಳ್ಳುತ್ತದೆ. 1954ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಊರಾದ ಬಾರ್‌ಸ್ಟೋದಲ್ಲಿ ಹುಟ್ಟಿದ ರಿಡ್ಜ್‌ವೇ, 1970ರ ದಶಕದ ಕೊನೆಯಲ್ಲಿ ಹಾಲಿವುಡ್‌ನಲ್ಲಿ ಚಲನಚಿತ್ರಗಳಿಗೆ ಹಿನ್ನೆಲೆ ಸಂಗೀತ ಒದಗಿಸುವ ಒಂದು ಪುಟ್ಟ ಉದ್ಯಮ ನಡೆಸಲು ಹೊರಟಿದ್ದರು. ಆ ಕಚೇರಿಯ ಎದುರಿಗೇ ‘ದಿ ಮಾಸ್ಕ್’ ಎಂಬ ಪಂಕ್ ಕ್ಲಬ್ ಇತ್ತು. ಸಿನಿಮಾ ಸಂಗೀತದ ಕನಸು ಮತ್ತು ಎದುರು ಬದಿಯ ಪಂಕ್ ಗದ್ದಲ ಬೆರೆತ ಕಡೆಯಲ್ಲಿ ವಾಲ್ ಆಫ್ ವೂಡೂ ಹುಟ್ಟಿತು. ಈ ಒಂದು ಸಂಗತಿ ನೆನಪಿದ್ದರೆ ಸಾಕು, ಮುಂದೆ ಆಲ್ಬಮಿನಲ್ಲಿ ಕೌಬಾಯ್ ಚಿತ್ರಗಳ ಗಿಟಾರ್, ಪತ್ತೇದಾರಿ ಚಿತ್ರಗಳ ಕತ್ತಲೆ ಮತ್ತು ಡ್ರಮ್ ಮಷೀನ್ ಯಾಕೆ ಒಂದೇ ಕೋಣೆಯಲ್ಲಿ ಕುಳಿತಿವೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಕೇಳಬೇಕಾದ ಹಾಡು 1982ರ ‘ಕಾಲ್ ಆಫ್ ದಿ ವೆಸ್ಟ್’ ಆಲ್ಬಮಿನಲ್ಲಿರುವ ‘ಮೆಕ್ಸಿಕನ್ ರೇಡಿಯೊ’. ಅಮೆರಿಕದಲ್ಲಿ ಎಎಂ ರೇಡಿಯೊ ಕೇಂದ್ರಗಳ ಪ್ರಸಾರ ಶಕ್ತಿಗೆ 50,000 ವ್ಯಾಟ್‌ಗಳ ಮಿತಿ ಇದ್ದ ಕಾಲದಲ್ಲಿ ಮೆಕ್ಸಿಕೊದ ಗಡಿಗೆ ಅಂಟಿಕೊಂಡಿದ್ದ ಕೆಲವು ಕೇಂದ್ರಗಳು ಅದರ ಹಲವು ಪಟ್ಟು ಶಕ್ತಿಯಲ್ಲಿ ಪ್ರಸಾರ ಮಾಡುತ್ತಿದ್ದವು. ಹೀಗಾಗಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾರಿನ ರೇಡಿಯೊ ತಿರುಗಿಸಿದವರಿಗೆ ಗಡಿಯಾಚೆಯ ಧ್ವನಿ ಧಾರಾಳವಾಗಿ ಕೇಳುತ್ತಿತ್ತು. ಹಾಡಿನ ನಿರೂಪಕನಿಗೆ ಆ ಸ್ಪ್ಯಾನಿಷ್ ಭಾಷೆ ತಿಳಿಯುವುದಿಲ್ಲ, ಆದರೂ ರೇಡಿಯೊ ಬಿಟ್ಟೇಳಲು ಮನಸ್ಸಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 58ನೇ ಸ್ಥಾನಕ್ಕಷ್ಟೇ ಏರಿದ ಈ ಹಾಡು ಎಂಟಿವಿಯ ದೆಸೆಯಿಂದ ಅದಕ್ಕಿಂತ ಎಷ್ಟೋ ಹೆಚ್ಚು ಜನರಿಗೆ ಪರಿಚಯವಾಯಿತು. ವಿಡಿಯೊದಲ್ಲಿ ಬೇಯಿಸಿದ ಹುರುಳಿಕಾಯಿ ಬೀಜಗಳ ಪಾತ್ರೆಯಿಂದ ರಿಡ್ಜ್‌ವೇ ಮುಖ ಮೇಲೆದ್ದು ಬರುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಹಾಸ್ಯ ಇರಲಿ, ನಾವು ಗಮನಿಸಬೇಕಾದದ್ದು ನಿರೂಪಕನ ಅರೆತಿಳಿವನ್ನು. ತನಗೆ ಪೂರ್ತಿ ಅರ್ಥವಾಗದ ಸಂಗತಿಯನ್ನು ಆತ್ಮವಿಶ್ವಾಸದಿಂದ ಹೇಳುವವನು ರಿಡ್ಜ್‌ವೇ ಹಾಡುಗಳ ಖಾಯಂ ಪಾತ್ರಧಾರಿ.

1983ರ ಮೇ ತಿಂಗಳಲ್ಲಿ ನಡೆದ ‘ಯುಎಸ್ ಫೆಸ್ಟಿವಲ್’ ಎಂಬ ಭಾರೀ ಸಂಗೀತೋತ್ಸವದಲ್ಲಿ ಹಾಡಿದ ಸ್ವಲ್ಪ ದಿನಗಳಲ್ಲೇ ರಿಡ್ಜ್‌ವೇ ತಂಡವನ್ನು ಬಿಟ್ಟರು. ಅದೇ ವರ್ಷ ದಿ ಪೊಲೀಸ್ ತಂಡದ ಡ್ರಮ್ಮರ್ ಸ್ಟೂವರ್ಟ್ ಕೋಪ್ಲ್ಯಾಂಡ್ ಜೊತೆಗೂಡಿ ‘ರಂಬಲ್ ಫಿಶ್’ ಚಿತ್ರಕ್ಕೆ ‘ಡೋಂಟ್ ಬಾಕ್ಸ್ ಮಿ ಇನ್’ ಎಂಬ ಹಾಡು ಮಾಡಿದರು. ಸಮಯವಿದ್ದರೆ ಅದನ್ನೂ ಕೇಳಬಹುದು. ಇಲ್ಲದಿದ್ದರೆ ನಷ್ಟವೇನಿಲ್ಲ.

ಮೂರನೆಯ ಹಂತ: ಸಾಹಿತ್ಯವನ್ನು ಕಣ್ಣಿಗೆ ಕಾಣದಂತೆ ಇಟ್ಟು ಒಮ್ಮೆ ಕೇಳಿ

ಅಮೆರಿಕನ್ ಉಚ್ಚಾರಣೆ ಸುಲಭವಾಗಿ ಕಿವಿಗೆ ದಕ್ಕುವುದಿಲ್ಲ ಎಂಬ ಕಾರಣದಿಂದ ನಮ್ಮಲ್ಲಿ ಅನೇಕರು ಹಾಡು ಶುರುವಾಗುವ ಮೊದಲೇ ಸಾಹಿತ್ಯವನ್ನು ಮೊಬೈಲಿನಲ್ಲಿ ತೆರೆದುಕೊಳ್ಳುತ್ತಾರೆ. ಪ್ರೇಮಗೀತೆಗಳ ವಿಷಯದಲ್ಲಿ ಅದರಿಂದ ಬಾಧಕವಿಲ್ಲ. ಕಥೆಯ ಹಾಡಿನಲ್ಲಿ ಮಾತ್ರ ಇದು ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದಿದಂತಾಗುತ್ತದೆ. ಕಣ್ಣು ಕಿವಿಗಿಂತ ವೇಗವಾಗಿ ಓಡಿ, ಗಾಯಕ ಎರಡನೆಯ ಚರಣದಲ್ಲಿರುವಾಗ ನಾಲ್ಕನೆಯದನ್ನು ಮುಟ್ಟಿಬಿಡುತ್ತದೆ.

ಮುಕ್ಕಾಲು ಗಂಟೆಯೊಳಗೆ ಮುಗಿಯುವ ಆಲ್ಬಮ್ ಇದು. ಒಂದೇ ಕೂತಿಗೆ, ಸಾಧ್ಯವಾದರೆ ಹೆಡ್‌ಫೋನ್‌ನಲ್ಲಿ, ಕೇಳಿ. ಅರ್ಥವಾಗದ ಸಾಲುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಹಿಂದಕ್ಕೆ ಸರಿಸಿ ಮತ್ತೆ ಹಾಕಬೇಡಿ. ರಿಡ್ಜ್‌ವೇ ಹಾಡುವ ಕ್ರಮ ಮಾತಿಗೆ ಬಹಳ ಹತ್ತಿರ. ಮೂಗಿನಿಂದ ಬರುವ, ಭಾವವನ್ನು ಹೊರಗೆ ತೋರಿಸದ ಆ ಧ್ವನಿಯಲ್ಲಿ ಪದಗಳು ಒಂದೊಂದೂ ಬಿಡಿಬಿಡಿಯಾಗಿ ಉದುರುತ್ತವೆ. ಆದ್ದರಿಂದ ಸಾಧಾರಣ ಇಂಗ್ಲಿಷ್ ಬಲ್ಲವರಿಗೂ ಮೊದಲ ಸಲವೇ ಅರ್ಧಕ್ಕಿಂತ ಹೆಚ್ಚು ಕಥೆ ಸಿಗುತ್ತದೆ. ಸಿಗದ ಭಾಗವನ್ನು ಸಂಗೀತ ತುಂಬಿಕೊಡುತ್ತದೆಯೇ ಎಂದು ನೋಡುವುದಕ್ಕಾಗಿಯೇ ಈ ಹಂತ.

ನಾಲ್ಕನೆಯ ಹಂತ: ಹೇಳುವವರು ಯಾರು ಎಂದು ಗುರುತು ಹಾಕಿಕೊಳ್ಳಿ

ಎರಡನೆಯ ಸಲ ಕೇಳುವಾಗ ಒಂದು ಕಾಗದ ಇಟ್ಟುಕೊಂಡು ಪ್ರತಿ ಹಾಡಿನ ಹೆಸರಿನ ಮುಂದೆ ಮೂರು ವಿಷಯಗಳನ್ನು ಬರೆದುಕೊಳ್ಳಿ: ಹೇಳುವವನ ಕಸುಬು, ಅವನು ಇರುವ ಜಾಗ, ಅವನ ಮಾತು ಯಾರನ್ನು ಉದ್ದೇಶಿಸಿದ್ದು ಎಂಬುದು. ಎಲ್ಲ ಹಾಡುಗಳಿಗೂ ಮೂರೂ ಉತ್ತರ ಸಿಗುವುದಿಲ್ಲ, ಸಿಗಲೇಬೇಕೆಂದೂ ಇಲ್ಲ.

ಕನ್ನಡದ ಕೇಳುಗರಿಗೆ ಈ ಹಂತ ತುಸು ಹೊಸದಾಗಿ ಕಾಣಬಹುದು. ನಮ್ಮ ಜನಪದ ಕಥನಗೀತೆಗಳಲ್ಲಿ, ಉದಾಹರಣೆಗೆ ‘ಕೆರೆಗೆ ಹಾರ’ದಲ್ಲಿ, ಹಾಡುವವರು ಭಾಗೀರಥಿಯ ಕಥೆಯ ಹೊರಗೆ ನಿಂತಿರುತ್ತಾರೆ. ಪಾತ್ರಗಳು ನಡುನಡುವೆ ಮಾತಾಡಿದರೂ ಕಥೆಯ ಹಗ್ಗ ಹಾಡುವವರ ಕೈಯಲ್ಲೇ ಇರುತ್ತದೆ, ಮತ್ತು ಅವರ ಮಾತನ್ನು ಸಂಶಯಿಸುವ ಪ್ರಮೇಯ ನಮಗೆ ಬರುವುದಿಲ್ಲ. ರಿಡ್ಜ್‌ವೇ ಹಾಡುಗಳಲ್ಲಿ ಹಗ್ಗ ಹಿಡಿದವನೇ ಕಥೆಯೊಳಗೆ ಸಿಕ್ಕಿಬಿದ್ದಿರುತ್ತಾನೆ. ಹಾಡುವ ಕಂಠ ಒಂದೇ ಆದರೂ ‘ನಾನು’ ಎಂದು ಹೇಳಿಕೊಳ್ಳುವವನು ಪ್ರತಿ ಹಾಡಿಗೂ ಬೇರೆ. ಆ ‘ನಾನು’ವನ್ನು ಗಾಯಕನ ಆತ್ಮಕಥೆ ಎಂದು ಭಾವಿಸಿಕೊಂಡರೆ ಆಲ್ಬಮ್ ಪೂರ್ತಿ ಕೈತಪ್ಪುತ್ತದೆ.

‘ಡ್ರೈವ್, ಶೀ ಸೆಡ್’ ಹಾಡನ್ನು ಈ ಅಭ್ಯಾಸಕ್ಕೆ ಮೊದಲು ಎತ್ತಿಕೊಳ್ಳುವುದು ಒಳ್ಳೆಯದು. ಹೇಳುವವನು ಟ್ಯಾಕ್ಸಿ ಚಾಲಕ. ಜಾಗ ಅವನ ಕಾರು. ಹಿಂದಿನ ಸೀಟಿಗೆ ಬಂದು ಕುಳಿತ ಹೆಂಗಸು ಬ್ಯಾಂಕ್ ದರೋಡೆಯ ಬೆನ್ನಿಗೆ ಓಡಿಬಂದವಳು. ದರೋಡೆಯ ಕಥೆ ಎಂದರೆ ನಾವು ದರೋಡೆಕೋರಳ ಕಡೆಯಿಂದಲೋ ಪೊಲೀಸರ ಕಡೆಯಿಂದಲೋ ಕೇಳಿ ರೂಢಿ. ಇಲ್ಲಿ ಅದು ಬಾಡಿಗೆಯ ಆಸೆಗೆ ಗಾಡಿ ನಿಲ್ಲಿಸಿದವನ ಕಡೆಯಿಂದ ಬರುತ್ತದೆ, ಮತ್ತು ಅವನಿಗೆ ಹೆದರಿಕೆಗಿಂತ ಹೆಚ್ಚಾಗಿ ಬೇರೊಂದು ಬದುಕಿನ ಹಗಲುಗನಸು ಹತ್ತಿಕೊಳ್ಳುತ್ತದೆ. ಅಪರಾಧದ ಪೂರ್ಣ ವಿವರ ಹಾಡಿನಲ್ಲಿ ಯಾಕಿಲ್ಲ ಎಂದರೆ ಚಾಲಕನಿಗೆ ಅದು ತಿಳಿದಿಲ್ಲ. ಅವನಿಗೆ ತಿಳಿದಷ್ಟೇ ನಮಗೆ ತಿಳಿಯಬೇಕು ಎಂಬ ಈ ಕಟ್ಟುನಿಟ್ಟು ಬರವಣಿಗೆಯ ದೊಡ್ಡ ಶಿಸ್ತು. ಹಾಡು ಬರೆಯುವ ಆಸೆಯಿದ್ದವರು ಇಡೀ ಆಲ್ಬಮಿನಲ್ಲಿ ಒಂದೇ ಹಾಡನ್ನು ಬಿಚ್ಚಿ ನೋಡುವುದಾದರೆ ಇದನ್ನೇ ನೋಡಬೇಕೆಂದು ನನ್ನ ಸಲಹೆ.

‘ಸೇಲ್ಸ್‌ಮನ್’ ಮತ್ತು ‘ವಾಕಿನ್ ಹೋಮ್ ಅಲೋನ್’ ಎರಡನ್ನೂ ಇದೇ ಕಾಗದದ ಮೇಲೆ ತಂದುಕೊಳ್ಳಿ. ಎರಡನೆಯದು ರಾತ್ರಿ ಹೊತ್ತಿನ ಬಾರ್‌ನಲ್ಲಿ ಕೇಳುವಂಥ ನಿಧಾನಗತಿಯ ಹಾಡು. ಉಳಿದವುಗಳ ನಡುವೆ ಇದರಲ್ಲಿ ಮಾತ್ರ ನಿರೂಪಕನ ನೋವು ನೇರವಾಗಿ ತೋರುತ್ತದೆ. ‘ಪೈಲ್ ಡ್ರೈವರ್’, ‘ಟ್ವಿಸ್ಟೆಡ್’ ಮುಂತಾದವುಗಳಲ್ಲಿ ಕಥೆಗಿಂತ ಲಯದ ಬಿಗಿಯೇ ಮುಂದಿರುವುದರಿಂದ ಅಲ್ಲಿ ಕಾಗದ ಪೆನ್ನು ಬದಿಗಿಟ್ಟು ಕೇಳಬಹುದು.

ಐದನೆಯ ಹಂತ: ವಾದ್ಯಗಳನ್ನು ಪಾತ್ರಗಳಂತೆ ಗಮನಿಸಿ

ರಿಡ್ಜ್‌ವೇ ಹಾರ್ಮೋನಿಕಾ ಕೂಡ ನುಡಿಸುತ್ತಾರೆ. ಬಯಲು, ಒಂಟಿತನ, ದೂರದ ರೈಲು ಇವುಗಳನ್ನು ಅಮೆರಿಕದ ಕಿವಿಗೆ ಥಟ್ಟನೆ ನೆನಪಿಸುವ ವಾದ್ಯ ಅದು. ಅದರ ಪಕ್ಕದಲ್ಲೇ ಎಲ್ಲಿಯೂ ಉಸಿರು ತೆಗೆದುಕೊಳ್ಳದ ಎಲೆಕ್ಟ್ರಾನಿಕ್ ತಾಳ ಓಡುತ್ತಿರುತ್ತದೆ. ಈ ಜೋಡಣೆ ವಾಲ್ ಆಫ್ ವೂಡೂ ಕಾಲದಿಂದ ಬಂದದ್ದು. ಆ ತಂಡದಲ್ಲಿ ಹಳೆಯ ಕಾಲದ ರಿದಮ್ ಮಷೀನ್ ಹಾಕಿಟ್ಟು ಅದರ ಮೇಲೆ ಜೋ ನಾನಿನಿ ತಪ್ಪಲೆ, ಬಾಣಲೆಗಳನ್ನೂ ಸೇರಿಸಿಕೊಂಡು ತಾಳ ಬಾರಿಸುತ್ತಿದ್ದರು, ಮಾರ್ಕ್ ಮೋರ್‌ಲ್ಯಾಂಡ್ ಅವರ ಗಿಟಾರ್ ಇಟಲಿಯ ಎನ್ನಿಯೊ ಮೊರಿಕೋನೆ ಕೌಬಾಯ್ ಚಿತ್ರಗಳಿಗೆ ಕೊಟ್ಟ ಸಂಗೀತದ ನೆರಳಿನಲ್ಲಿ ಅನುರಣಿಸುತ್ತಿತ್ತು.

ಪ್ರಾಯೋಗಿಕವಾಗಿ ಮಾಡಬೇಕಾದದ್ದು ಇಷ್ಟು: ಯಾವುದಾದರೂ ಒಂದು ಹಾಡನ್ನು ಆರಿಸಿಕೊಂಡು ಮಾತುಗಳಿಗೆ ಗಮನ ಕೊಡದೆ ಕೇಳಿ, ನಿರೂಪಕ ಮಾತು ನಿಲ್ಲಿಸಿದಾಗ ಯಾವ ವಾದ್ಯ ಮುಂದೆ ಬರುತ್ತದೆ ಎಂಬುದನ್ನಷ್ಟೇ ಗುರುತಿಸಿ. ಶೀರ್ಷಿಕೆ ಗೀತೆ ಇದಕ್ಕೆ ತಕ್ಕದ್ದು. ಯಾರೋ ಯಾರನ್ನೋ ಬೆನ್ನಟ್ಟಿದ ವಾತಾವರಣ ಅದರಲ್ಲಿದೆ. ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ 1953ರ ಅಪರಾಧ ಚಿತ್ರವೊಂದಕ್ಕೂ ಇದೇ ಹೆಸರು ಇರುವುದು ಆಕಸ್ಮಿಕವಾಗಿ ತೋರುವುದಿಲ್ಲ. ನಿರೂಪಕನ ಧ್ವನಿ ಆರಾಮವಾಗಿದ್ದರೂ ಕೆಳಗಿನ ತಾಳ ಆರಾಮವಾಗಿಲ್ಲ. ಧ್ವನಿ ಒಂದು ಹೇಳಿ ತಾಳ ಇನ್ನೊಂದು ಹೇಳಿದರೆ ತಾಳವನ್ನು ನಂಬಬೇಕು ಎಂಬುದು ಈ ಆಲ್ಬಮಿನ ಮಟ್ಟಿಗೆ ಚೆನ್ನಾಗಿ ನಡೆಯುವ ನಿಯಮ.

ಆರನೆಯ ಹಂತ: ‘ಕ್ಯಾಮೊಫ್ಲಾಜ್’ ಹಾಡಿಗೆ ಬೇರೆಯಾಗಿ ಸಮಯ ಕೊಡಿ

ಇದುವರೆಗೆ ಹಾಡನ್ನು ಕೇಳಿರದವರು ಇಲ್ಲಿಗೆ ಓದು ನಿಲ್ಲಿಸಿ, ಕೇಳಿ, ಆಮೇಲೆ ಮುಂದುವರಿಯಬೇಕೆಂದು ವಿನಂತಿ. ಮುಂದಿನ ಸಾಲುಗಳಲ್ಲಿ ಕಥೆಯ ಅಂತ್ಯವಿದೆ.

1986ರಲ್ಲಿ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿದ ಈ ಹಾಡು ರಿಡ್ಜ್‌ವೇ ಅವರ ಸ್ವದೇಶದಲ್ಲಿ ಅಂಥ ಯಶಸ್ಸು ಕಾಣಲಿಲ್ಲ. ಕಥೆ ನಡೆಯುವುದು 1965ರ ವಿಯೆಟ್ನಾಂ ಕಾಡಿನಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಮರೀನ್ ಪಡೆ ಡಾ ನಾಂಗ್‌ನಲ್ಲಿ ಇಳಿದಿತ್ತು. ಗಸ್ತಿಗೆ ಹೋದ ಎಳೆಯ ಸಿಪಾಯಿಯೊಬ್ಬನ ಬಂದೂಕು ಕೈಕೊಡುತ್ತದೆ, ಅವನು ತನ್ನವರಿಂದ ಬೇರೆಯಾಗಿ ಒಬ್ಬನೇ ಉಳಿಯುತ್ತಾನೆ. ಶತ್ರುಗಳು ಹತ್ತಿರ ಬರುತ್ತಿರುವ ಸದ್ದು ಕೇಳುತ್ತಿರುವಾಗ ದೈತ್ಯದೇಹದ, ಸ್ನೇಹದ ಕಣ್ಣುಗಳ ಮರೀನ್ ಒಬ್ಬ ಬಗಲಿಗೆ ಬಂದು ನಿಲ್ಲುತ್ತಾನೆ. ಇಬ್ಬರೂ ರಾತ್ರಿಯಿಡೀ ಕಾದಾಡುತ್ತಾರೆ. ಗುಂಡುಗಳು ಆ ಮರೀನನ ಮೈಯನ್ನು ಹಾದುಹೋಗುವಂತೆ ಕಾಣುತ್ತವೆ. ಬೆಳಗ್ಗೆ ನದಿಯ ದಡದಲ್ಲಿ ಸಿಪಾಯಿಗೆಂದೇ ಬಂದ ಗುಂಡೊಂದನ್ನು ಅವನು ನೊಣ ಓಡಿಸಿದಂತೆ ಅಂಗೈಯಿಂದ ಬಡಿದುಹಾಕುತ್ತಾನೆ. ಆಮೇಲೆ ಒಂದು ತಾಳೆಮರವನ್ನೇ ಬುಡಸಹಿತ ಕಿತ್ತು ಬೀಸುತ್ತಾನೆ. ಶಿಬಿರಕ್ಕೆ ಮರಳಿದ ಸಿಪಾಯಿ ಅವನ ಹೆಸರು ಹೇಳಿದಾಗ ವೈದ್ಯಕೀಯ ಸಹಾಯಕನೊಬ್ಬ ಇವನ ತೋಳು ಹಿಡಿದು ಹಸಿರು ಡೇರೆಗೆ ಕರೆದೊಯ್ಯುತ್ತಾನೆ. ಅಲ್ಲಿ ಮಲಗಿರುವುದು ಅದೇ ಮರೀನನ ಶವ.

ಕೇಳುವಾಗ ಮೂರು ಕಡೆ ನಿಲ್ಲಿಸಿ ಯೋಚಿಸುವುದು ಒಳ್ಳೆಯದು. ಮೊದಲನೆಯದು ಮೇಲಿನ ತಾಳೆಮರ. ಅಲ್ಲಿಯವರೆಗೆ ಹೇಗೋ ನಂಬಬಹುದಾಗಿದ್ದ ಯುದ್ಧದ ಕಥೆ ಆ ಕ್ಷಣದಲ್ಲಿ ಕಾಮಿಕ್ಸ್‌ನ ಅಳತೆಗೆ ಹಿಗ್ಗುತ್ತದೆ. 1985ರಲ್ಲಿ ಎರಡನೆಯ ರ‍್ಯಾಂಬೊ ಚಿತ್ರ ಬಂದು, ವಿಯೆಟ್ನಾಂ ಯೋಧನನ್ನು ಸೋಲಿಲ್ಲದ ಸರದಾರನನ್ನಾಗಿ ತೋರಿಸುವುದು ಅಮೆರಿಕದಲ್ಲಿ ಜನಪ್ರಿಯವಾಗಿದ್ದ ಸಂದರ್ಭ ಅದು. ಅದನ್ನು ಅಣಕಿಸುತ್ತಿದ್ದಾರೆಯೇ, ಇಲ್ಲವೇ ಭಯದಿಂದ ಬುದ್ಧಿ ಕಲಕಿದ ಹುಡುಗನ ಕಣ್ಣಿಗೆ ಹೀಗೇ ಕಾಣುತ್ತದೆ ಎನ್ನುತ್ತಿದ್ದಾರೆಯೇ ಎಂಬುದನ್ನು ಹಾಡು ತೀರ್ಮಾನಿಸಿ ಹೇಳುವುದಿಲ್ಲ. ನನ್ನ ಒಲವು ಎರಡನೆಯ ಕಡೆಗೆ.

ಎರಡನೆಯ ಜಾಗ ಡೇರೆಯೊಳಗಿನ ಮಾತು. ಸಹಾಯಕ ಮೊದಲು ಹೇಳುವುದು ಆ ಮರೀನ್ ನಿನ್ನೆ ರಾತ್ರಿ ತೀರಿಕೊಂಡ ಎಂದು; ಮರುಕ್ಷಣವೇ, ನಿಜ ಹೇಳಬೇಕೆಂದರೆ ವಾರವಿಡೀ ಇವನು ಇಲ್ಲೇ ಇದ್ದ ಎಂದು ಸೇರಿಸುತ್ತಾನೆ. ಸತ್ತದ್ದು ನಿನ್ನೆ, ಹಾಸಿಗೆ ಹಿಡಿದು ವಾರವಾಗಿತ್ತು ಎಂದು ಹೊಂದಿಸಿಕೊಳ್ಳಬಹುದು. ಆದರೂ ಆ ಸಾಲು ಒಂದು ಕ್ಷಣ ಕಿವಿಗೆ ಮುಳ್ಳಾಗುತ್ತದೆ. ಇದು ಸಹಾಯಕನ ಮಾತೋ, ವರ್ಷಗಳ ನಂತರ ಕಥೆಯನ್ನು ನೆನೆದು ಹೇಳುತ್ತಿರುವ ಸಿಪಾಯಿ ಬೆರೆಸಿದ್ದೋ ಎಂಬ ಅನುಮಾನ ಹುಟ್ಟುತ್ತದೆ. ಬಾಯಿಂದ ಬಾಯಿಗೆ ಸಾಗಿದ ದೆವ್ವದ ಕಥೆಗಳಲ್ಲಿ ಇಂಥ ಬಿರುಕು ಸಾಮಾನ್ಯ, ಮತ್ತು ಅದೇ ಅವುಗಳಿಗೆ ಒಂದು ಬಗೆಯ ನಿಜತನ ಕೊಡುತ್ತದೆ.

ಮೂರನೆಯದು ಕೊನೆಯಲ್ಲಿ ಸಿಪಾಯಿಯ ಕೈಗೆ ಬರುವ ಡಾಗ್ ಟ್ಯಾಗ್, ಅಂದರೆ ಸೈನಿಕರು ಕೊರಳಲ್ಲಿ ಧರಿಸುವ ಗುರುತಿನ ಬಿಲ್ಲೆ. ದೆವ್ವ ಕಂಡವನ ಕೈಯಲ್ಲಿ ಒಂದು ಸಾಕ್ಷಿ ಉಳಿಯಬೇಕು ಎಂಬ ಹಳೆಯ ಕಟ್ಟಳೆಯನ್ನು ರಿಡ್ಜ್‌ವೇ ಇಲ್ಲಿ ಪಾಲಿಸುತ್ತಾರೆ. ಆದರೆ ಆ ಸಾಕ್ಷಿಯನ್ನು ಕೊಡುತ್ತಿರುವುದು ದೆವ್ವವಲ್ಲ, ಬದುಕಿರುವ ಸಹಾಯಕ. ಹಾಗಾಗಿ ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದನ್ನು ಗಮನಿಸಿ. ಇದೇ ವಂಶದ ಹಿಂದಿನ ಹಾಡು ಬೇಕಿದ್ದರೆ ರೆಡ್ ಸೊವೈನ್ 1967ರಲ್ಲಿ ಹಾಡಿದ ‘ಫ್ಯಾಂಟಮ್ 309’ ಕೇಳಬಹುದು. ಅಲ್ಲಿ ದಾರಿಹೋಕನಿಗೆ ಡ್ರಾಪ್ ಕೊಟ್ಟ ಲಾರಿ ಚಾಲಕ ಹಿಂದೆಯೇ ಅಪಘಾತದಲ್ಲಿ ಸತ್ತವನೆಂದು ಹೋಟೆಲಿನಲ್ಲಿ ತಿಳಿಯುತ್ತದೆ. ಸೊವೈನ್ ಕಥೆಯನ್ನು ಕಣ್ಣೀರಿಗೆ ಹತ್ತಿರವಾದ ಗದ್ಗದದಲ್ಲಿ ಹೇಳುತ್ತಾರೆ; ರಿಡ್ಜ್‌ವೇ ಕುದುರೆ ಓಟದ ತಾಳದ ಮೇಲೆ, ದನಿ ಕದಲಿಸದೆ ಹೇಳುತ್ತಾರೆ. ಒಂದರ ಬೆನ್ನಿಗೆ ಇನ್ನೊಂದನ್ನು ಹಾಕಿ ಕೇಳಿದರೆ ಹಳ್ಳಿಗಾಡಿನ ಕಂಟ್ರಿ ಸಂಗೀತದ ಕಥನ ನ್ಯೂ ವೇವ್‌ನ ಕೈಗೆ ಬಂದಾಗ ಏನಾಯಿತು ಎಂಬುದು ಕಿವಿಗೇ ತಿಳಿಯುತ್ತದೆ.

ಏಳನೆಯ ಹಂತ: ಕಥೆಯನ್ನು ಕನ್ನಡದಲ್ಲಿ ಹೇಳಿ ನೋಡಿ

ಈಗ ಸಾಹಿತ್ಯವನ್ನು ತೆರೆದು ಓದಿ, ತಪ್ಪಾಗಿ ಕೇಳಿಸಿಕೊಂಡದ್ದನ್ನು ತಿದ್ದಿಕೊಳ್ಳಿ. ಬಳಿಕ ಒಂದು ಹಾಡಿನ ಕಥೆಯನ್ನು ಮನೆಯಲ್ಲಿ ಯಾರಿಗಾದರೂ ನಾಲ್ಕೈದು ವಾಕ್ಯಗಳಲ್ಲಿ ಹೇಳಿ. ಸಾಲು ಸಾಲಾಗಿ ಅನುವಾದ ಮಾಡುವ ಗೋಜಿಗೆ ಹೋಗಬೇಡಿ, ನಡೆದ ಸಂಗತಿಯನ್ನಷ್ಟೇ ಹೇಳಿ. ‘ಕ್ಯಾಮೊಫ್ಲಾಜ್’ ಹೀಗೆ ಹೇಳಿದರೂ ನಿಲ್ಲುತ್ತದೆ, ಕೇಳಿದವರು ‘ಆಮೇಲೆ?’ ಎನ್ನುತ್ತಾರೆ. ‘ವಾಕಿನ್ ಹೋಮ್ ಅಲೋನ್’ ಒಂದು ವಾಕ್ಯಕ್ಕೆ ಮುಗಿದುಹೋಗುತ್ತದೆ, ಆದರೂ ಹಾಡಾಗಿ ಕೇಳುವಾಗ ಅದು ಚಿಕ್ಕದೆನಿಸಿರಲಿಲ್ಲ. ಹೇಳಲು ಹೋದಾಗ ಕೈಯಿಂದ ಜಾರಿದ್ದು ಯಾವುದೋ ಅದು ಸಂಗೀತದ ಪಾಲು. ಅದನ್ನು ಹುಡುಕಲು ಐದನೆಯ ಹಂತಕ್ಕೆ ಮರಳಬೇಕು.

ಕೊನೆಯ ಹಂತ: ಮುಂದೆ ಏನು ಕೇಳಬೇಕು

1989ರ ‘ಮಸ್ಕೀಟೋಸ್’ ಇದಕ್ಕಿಂತ ಹದವಾದ, ವಾದ್ಯಮೇಳ ತುಂಬಿಕೊಂಡ ಆಲ್ಬಮ್. ಮೂವರ ನಡುವಿನ ಸಂಬಂಧ ಅಪರಾಧದ ಕಡೆ ವಾಲುವ ‘ಪೆಗ್ ಆ್ಯಂಡ್ ಪೀಟ್ ಆ್ಯಂಡ್ ಮಿ’ ಅದರಲ್ಲಿದೆ. 1991ರ ‘ಪಾರ್ಟಿಬಾಲ್’ನ ‘ಐ ವಾನಾ ಬಿ ಎ ಬಾಸ್’ ಕೈಕೆಳಗೆ ದುಡಿಯುವವನೊಬ್ಬ ತಾನೇ ಯಜಮಾನನಾದರೆ ಏನೇನು ಮಾಡುತ್ತೇನೆ ಎಂದು ಊಹಿಸಿಕೊಳ್ಳುವ ವಿಡಂಬನೆ. ಬೆಂಗಳೂರಿನ ಯಾವ ಕಚೇರಿಯಲ್ಲಿ ಹಾಕಿದರೂ ನಗು ತಡೆಯುವುದು ಕಷ್ಟ. ಹಿಂದಕ್ಕೆ ಹೋಗುವುದಾದರೆ ‘ಕಾಲ್ ಆಫ್ ದಿ ವೆಸ್ಟ್’ನಲ್ಲಿರುವ ‘ಲಾಸ್ಟ್ ವೀಕೆಂಡ್’ ಕೇಳಿ. ಲಾಸ್ ವೇಗಸ್‌ನ ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಗಂಡ ಹೆಂಡತಿ ಕಾರಿನಲ್ಲಿ ಮರಳುವ ಆ ಹಾಡಿನಲ್ಲಿ ಏಕವ್ಯಕ್ತಿ ಆಲ್ಬಮಿನ ಬೀಜ ಕಾಣುತ್ತದೆ.

2004ರ ‘ಸ್ನೇಕ್‌ಬೈಟ್’ ಆಲ್ಬಮಿನ ‘ಟಾಕಿನ್ ವಾಲ್ ಆಫ್ ವೂಡೂ ಬ್ಲೂಸ್’ ಅನ್ನು ಎಲ್ಲದಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ತಂಡ ಹುಟ್ಟಿದ್ದು, ಬೆಳೆದದ್ದು, ಒಡೆದದ್ದು ಎಲ್ಲವನ್ನೂ ರಿಡ್ಜ್‌ವೇ ಅದರಲ್ಲಿ ತಾವೇ ‘ನಾನು’ ಆಗಿ ಹೇಳುತ್ತಾರೆ. ಕೇಳುವಾಗ ನಾಲ್ಕನೆಯ ಹಂತದ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ಟ್ಯಾಕ್ಸಿ ಚಾಲಕನಿಗೂ ಸಿಪಾಯಿಗೂ ಹಾಕಿದ ಅದೇ ಪ್ರಶ್ನೆಗಳನ್ನು ಈ ನಿರೂಪಕನಿಗೂ ಹಾಕಿ.